ನಿಂತ ಕೆಲಸ ಯಾವುದು?

ನಮ್ಮ ಅಕೌಂಟೆನ್ಸಿ ಮೇಷ್ಟ್ರು ಹೋಗಿಬಿಟ್ಟರು ಎಂದು ಶಿರಾದ ಗಿರಾಕಿಯೊಬ್ಬರು ಫೋನ್ ಮಾಡಿ ಹೇಳಿದಾಗ ನನಗೆ ಮೊದಲು ದುಃಖವಾಯಿತು. ಅದರ ಬೆನ್ನಿಗೇ, ಹೇಳಬಾರದು, ಒಂದು ಚಿಟಿಕೆ ನೆಮ್ಮದಿಯೂ ಆಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾರುವುದು ನನ್ನ ಕಸುಬು. ಈ ನಾಲ್ಕು ಊರುಗಳಲ್ಲಿ ಗಲ್ಲಾ ಮುಂದೆ ಕೂತವರಲ್ಲಿ ಮುಕ್ಕಾಲು ಪಾಲು ಮೇಷ್ಟ್ರ ಶಿಷ್ಯರು. ಅಂಗಡಿಗೆ ಒಂದು ಫ್ಯಾನು ಹಾಕಿಸಬೇಕಾದರೂ ಅವರಿಗೆ ಫೋನ್ ಮಾಡಿ ಕೇಳುವ ಜನ. ಅಂಥವರ ಮುಂದೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ನಿಲ್ಲುವವನ ಪಾಡು ಏನೆಂದು ನೀವೇ ಊಹಿಸಿಕೊಳ್ಳಿ.

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಅವರನ್ನು ಋಷಿ ಎಂದರು, ಇನ್ನೊಬ್ಬರು ಜ್ಞಾನದ ಗಣಿ ಎಂದರು, ಮತ್ತೊಬ್ಬರು ಎದ್ದು ಅಜಾತಶತ್ರು ಎಂದರು. ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇವರೆಲ್ಲ ಬೇರೆ ಯಾರದೋ ಸಭೆಗೆ ಬಂದಿರಬೇಕು ಎಂದುಕೊಂಡೆ. ಋಷಿಗಳು ಬಸ್ಸಿನಲ್ಲಿ ಪಕ್ಕದವನ ಪೇಪರಿನಿಂದ ಒಳಗಿನ ಹಾಳೆ ಎಳೆದುಕೊಂಡು ಓದುವುದಿಲ್ಲ. ಜ್ಞಾನದ ಗಣಿಗಳು ಹೋಟೆಲಿನಲ್ಲಿ ಎದುರು ಕೂತವನ ತಟ್ಟೆಯಿಂದ ವಡೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು, ಎಣ್ಣೆ ಹಳೆಯದು ನೀನು ತಿನ್ನಬೇಡ ಎಂದು ಹೇಳಿ ಮಿಕ್ಕಿದ್ದನ್ನೂ ಮುಗಿಸುವುದಿಲ್ಲ. ಇನ್ನು ಅಜಾತಶತ್ರು ಎಂಬ ಮಾತಿಗೆ ನಾನೇ ಜೀವಂತ ಉತ್ತರ. ಕೆಲವು ತಿಂಗಳು ನಾನು ಅವರ ಶತ್ರುವಾಗಿ ಶ್ರದ್ಧೆಯಿಂದ ದುಡಿದಿದ್ದೇನೆ. ಅದನ್ನು ಅವರು ಲೆಕ್ಕಕ್ಕೇ ತಗೊಳ್ಳಲಿಲ್ಲ ಎನ್ನುವುದು ನನ್ನ ಕೊರಗು.

ಮೇಷ್ಟ್ರು ಗಿಡ್ಡ ಆಳು. ಪ್ಯಾಂಟನ್ನು ಎದೆಯ ಹತ್ತಿರಕ್ಕೆ ಎಳೆದು ಕಟ್ಟುತ್ತಿದ್ದರು. ಅಂಗಿಯ ಜೇಬಿನಲ್ಲಿ ಭಾನುವಾರವೂ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು, ಮದುವೆ ಮನೆಯ ರೇಷ್ಮೆ ಅಂಗಿಯಲ್ಲೂ ಜೇಬಿನ ಮೇಲೆ ಬಿಳಿ ಮಚ್ಚೆ. ಹಣೆಯ ವಿಭೂತಿಯೂ ಈ ಸೀಮೆಸುಣ್ಣದ್ದೇ ಇರಬಹುದು ಎಂದು ಹಿಂದಿನ ಬೆಂಚಿನವರು ಮಾತಾಡಿಕೊಳ್ಳುತ್ತಿದ್ದೆವು. ಎಡಗಿವಿ ಮಂದ. ಪ್ರಿನ್ಸಿಪಾಲರು ಮಾತಾಡಿಸಿದರೆ ಎಡಗಿವಿಯನ್ನು ಮುಂದೆ ಮಾಡುತ್ತಿದ್ದರು, ಕ್ಯಾಂಟೀನಿನವನು ಮಾತಾಡಿಸಿದರೆ ಬಲಗಿವಿಯನ್ನು. ಈ ಕಿವಿಯ ದೆಸೆಯಿಂದಲೇ ಮನೆಯಲ್ಲಿ ಯಾವ ಫೋನ್ ಬಂದರೂ ಸ್ಪೀಕರಿಗೆ ಹಾಕಿ, ಫೋನನ್ನು ಕಲ್ಲಂಗಡಿ ಹೋಳಿನ ಹಾಗೆ ಬಾಯಿಯ ಮುಂದೆ ಹಿಡಿದು ಮಾತಾಡುವುದು ಅವರ ರೂಢಿ. ಮೇಷ್ಟ್ರ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಅಡುಗೆ ಮನೆಯಲ್ಲಿದ್ದ ಅವರ ಹೆಂಡತಿಗೆ ನಾಲ್ಕು ತಾಲ್ಲೂಕಿನ ವ್ಯಾಪಾರವೆಲ್ಲ ಗೊತ್ತಿತ್ತು.

ಪಾಠ ಹೇಳುವ ರೀತಿ ಮಾತ್ರ ಬೇರೆ. ಸವಕಳಿ ಎಂದರೇನು ಎಂದು ಪುಸ್ತಕದಲ್ಲಿ ಅರ್ಧ ಪುಟ ಇರುತ್ತದೆ. ಅವರು ಪುಸ್ತಕ ಮುಚ್ಚಿ ಮೊದಲ ಬೆಂಚನ್ನು ಕಾಲಿನಿಂದ ಅಲ್ಲಾಡಿಸಿದರು. ಅದು ಕಿರ್ ಎಂದಿತು.

"ಬಳಸಿದ್ದಕ್ಕೆ ಇದು ಸವದೈತೆ. ಇದಕ್ಕೆ ಸವಕಳಿ ಹಾಕ್ಬೇಕು. ನಿಮ್ ತಲೆಗೆ ಹಾಕಂಗಿಲ್ಲ, ತಂದಾಗ ಹೆಂಗಿತ್ತೋ ಇನ್ನೂ ಹಂಗೇ ಐತೆ."

ಗುಡ್‌ವಿಲ್, ಅಂದರೆ ಅಂಗಡಿ ಗಳಿಸಿದ ಹೆಸರಿನ ಬೆಲೆ, ಅದರ ಪಾಠಕ್ಕೆ ಇಡೀ ತರಗತಿಯನ್ನು ಬಸ್‌ಸ್ಟ್ಯಾಂಡಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಅಕ್ಕಪಕ್ಕ ಎರಡು ಟೀ ಅಂಗಡಿ, ಎರಡಕ್ಕೂ ಒಬ್ಬನೇ ಹಾಲು ಹಾಕುವವನು, ಆದರೆ ಜನವೆಲ್ಲ ಒಂದರ ಮುಂದೆ. ಯಾಕೆ ಅಂತ ಕಂಡುಹಿಡಿದು ಬನ್ನಿ ಎಂದು ನಮ್ಮನ್ನು ಕಳಿಸಿ, ತಾವು ಜನ ಇಲ್ಲದ ಅಂಗಡಿಯಲ್ಲಿ ಆರಾಮಾಗಿ ಕೂತು ಟೀ ಕುಡಿದರು. ನಾವು ಏನೇನೋ ಹೇಳಿದೆವು, ಸಕ್ಕರೆ, ಏಲಕ್ಕಿ, ಗ್ಲಾಸಿನ ಗಾತ್ರ. ಜನ ಇರುವ ಅಂಗಡಿಯವನು ಯಾರನ್ನೂ ಏನೂ ವಿಚಾರಿಸುವುದಿಲ್ಲ, ಖಾಲಿ ಅಂಗಡಿಯವನು ಬಂದವರ ಮನೆ ಮಠವೆಲ್ಲ ವಿಚಾರಿಸುತ್ತಾನೆ, ಅದೇ ಕಾರಣ ಎಂದರು ಮೇಷ್ಟ್ರು. ಸರಿಯೋ ತಪ್ಪೋ ಗೊತ್ತಿಲ್ಲ. ಪರೀಕ್ಷೆಯಲ್ಲಿ ಅದನ್ನೇ ಬರೆದ ಗೆಳೆಯನೊಬ್ಬ ಫೇಲಾದ. ಮೇಷ್ಟ್ರು ಅವನ ಬೆನ್ನು ತಟ್ಟಿ, ಪೇಪರ್ ತಿದ್ದಿದವನು ಟೀ ಕುಡಿಯುವುದಿಲ್ಲ ಎಂದು ಕಾಣುತ್ತದೆ ಎಂದರು.

ಅವರದೊಂದು ಪದ್ಧತಿ ಇತ್ತು. ಕೊನೆಯ ವರ್ಷದ ಹುಡುಗ ಹುಡುಗಿಯರೆಲ್ಲ ದೀಪಾವಳಿಗೆ ಮುಂಚೆ ಯಾವುದಾದರೂ ಅಂಗಡಿಯಲ್ಲಿ ಒಂದು ವಾರ ಸುಮ್ಮನೆ ಕೂರಬೇಕು. ಏನೂ ಮುಟ್ಟಬಾರದು, ಸಲಹೆ ಕೊಡಬಾರದು. ವಾಪಸು ಬಂದು, ಆ ಅಂಗಡಿಯಲ್ಲಿ ಮಾಡದಿದ್ದರೂ ನಡೆಯುವ ಒಂದು ಕೆಲಸ ಯಾವುದು ಎಂದು ಹೇಳಬೇಕು. ಕಿರ್ದಿ, ಖಾತೆ, ತಾಳೆಪಟ್ಟಿ ಎಲ್ಲ ಆಮೇಲೆ. ನಾನು ಜಾಣತನ ಮಾಡಿ ಮಧುಗಿರಿ ಪೇಟೆ ಬೀದಿಯ ನಮ್ಮ ಅಪ್ಪನ ಕಿರಾಣಿ ಅಂಗಡಿಯಲ್ಲೇ ಕೂತು, ಕಡಲೆಬೀಜ ಮೆಲ್ಲುತ್ತಾ ವಾರ ಕಳೆದು, ಅಲ್ಲಿ ಬೇಡದ ಕೆಲಸ ಯಾವುದೂ ಇಲ್ಲ ಎಂದು ಹೇಳಿದೆ. ಹಾಗಾದರೆ ನಿನ್ನನ್ನು ಯಾಕೆ ಕೂರಿಸಿಕೊಂಡಿದ್ದರು ಎಂದು ಕೇಳಿ, ಮುಂದಿನ ಹುಡುಗಿಯ ಕಡೆ ತಿರುಗಿದರು.

ಕಾಲೇಜಿಗೆ ಕಂಪ್ಯೂಟರುಗಳು ಬಂದದ್ದು ಆ ಕಾಲದಲ್ಲೇ. ಲ್ಯಾಬಿಗೆ ಬೀಗ, ಬೀಗದ ಕೈ ಅಟೆಂಡರ ಹತ್ತಿರ, ಅಟೆಂಡರು ಅರ್ಧ ದಿನ ತೋಟದ ಹತ್ತಿರ. ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು ಒಳಗೆ ಹೋದರೆ ಹೂವಿನ ಬಟ್ಟೆ ಹೊದ್ದ ಕಂಪ್ಯೂಟರುಗಳ ದರ್ಶನವಾಗುತ್ತಿತ್ತು. ತೀರ್ಥ ಪ್ರಸಾದ ಒಂದು ಕಡಿಮೆ. ಮುಂದೆ ಹಾಜರಿಯನ್ನೂ ಕಂಪ್ಯೂಟರಿನಲ್ಲಿ ತುಂಬಬೇಕು ಎಂದು ಆದೇಶ ಬಂತು. ತುಂಬಿದ್ದರ ಪ್ರಿಂಟು ತೆಗೆದು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಬೇಕು, ಅಂಟಿಸಿದ್ದರ ಪಕ್ಕದಲ್ಲಿ ಪೆನ್ನಿನಿಂದ ಮತ್ತೆ ಬರೆಯಬೇಕು ಎಂದು ಕಾಲೇಜಿನವರು ಅದಕ್ಕೆ ಬಾಲ ಸೇರಿಸಿದರು. ಮೇಷ್ಟ್ರು ಪೆನ್ನಿನಿಂದ ಬರೆಯುವುದನ್ನು ನಿಲ್ಲಿಸಿಬಿಟ್ಟರು. ಮೆಮೋ ಬಂತು. ಯಂತ್ರ ಬರೆದದ್ದನ್ನೇ ನಾನೂ ಬರೆಯಬೇಕಾದರೆ ನಮ್ಮಿಬ್ಬರಲ್ಲಿ ಒಬ್ಬರು ಕಾಲೇಜಿಗೆ ಹೆಚ್ಚು, ಯಾರೆಂದು ತಿಳಿಸಿದರೆ ಅವರು ಮನೆಗೆ ಹೋಗುತ್ತಾರೆ ಎಂದು ಉತ್ತರ ಕೊಟ್ಟರು. ಪ್ರಿನ್ಸಿಪಾಲರು ಕರೆದು ಕೂಗಾಡಿದರು. ಮೇಷ್ಟ್ರು ಎಡಗಿವಿಯನ್ನು ಮುಂದೆ ಮಾಡಿಕೊಂಡು ಪೂರ್ತಿ ಕೇಳಿಸಿಕೊಂಡು ಬಂದರಂತೆ.

ನಾನು ಬಿ.ಕಾಂ. ಮುಗಿಸಿ ಸಾಫ್ಟ್‌ವೇರಿನ ಡೀಲರ್‌ಶಿಪ್ ತಗೊಂಡಾಗ ಅಪ್ಪ ಒಪ್ಪಿರಲಿಲ್ಲ. ಅಂಗಡಿಯಲ್ಲಿ ಅವರ ಎಡಗಡೆಗೆ ಒಂದು ಸ್ಟೂಲು ಇದೆ. ಅದು ನನ್ನದು ಎಂದು ನಾನು ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ಅದರ ಮೇಲೆ ಕೂತವನು ಅಪ್ಪ ಹೇಳಿದ್ದನ್ನು ಪೊಟ್ಟಣ ಕಟ್ಟಬೇಕು, ಅಪ್ಪನ ಗೆಳೆಯರ ಮುಂದೆ ಬೈಸಿಕೊಳ್ಳಬೇಕು, ಅಪ್ಪ ಮಲಗಲು ಹೋದಾಗ ಮಾತ್ರ ಗಲ್ಲಾ ಮುಟ್ಟಬೇಕು. ಆ ಸ್ಟೂಲು ಕಂಡರೆ ನನಗೆ ಈಗಲೂ ಬೆನ್ನು ನೋಯುತ್ತದೆ. ಯುಗಾದಿಯ ಹೊತ್ತಿಗೆ ನಿನ್ನ ಡೀಲರ್‌ಗಿರಿ ಕಾಲೂರಲಿಲ್ಲ ಅಂದರೆ ಬಂದು ಇಲ್ಲಿ ಕೂತುಕೋ ಎಂದು ಅಪ್ಪ ಹೇಳಿದರು. ಕಂಪನಿಯವರದ್ದೂ ಅದೇ ಗಡುವು, ಮಾರ್ಚ್ ಒಳಗೆ ಟಾರ್ಗೆಟ್ ಮುಟ್ಟದಿದ್ದರೆ ಡೀಲರ್‌ಶಿಪ್ ಬೇರೆಯವರಿಗೆ. ಅಪ್ಪ ಏನೂ ಒತ್ತಾಯ ಮಾಡಲಿಲ್ಲ. ದಿನಾ ಬೆಳಿಗ್ಗೆ ಆ ಸ್ಟೂಲಿನ ಧೂಳು ಒರೆಸುತ್ತಿದ್ದರು, ಅಷ್ಟೇ.

ಮೊದಲ ದೊಡ್ಡ ಗಿರಾಕಿ ಶಿರಾದ ಟೈರ್ ಅಂಗಡಿಯ ಬಾಷಾ ಭಾಯ್. ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಚಾರ್ಟು ತೋರಿಸಿದೆ. ಯಾವ ತಿಂಗಳು ಯಾವ ಟೈರು ಓಡುತ್ತದೆ, ಯಾವುದು ಮಲಗುತ್ತದೆ, ಎಲ್ಲ ಒಂದು ಗುಂಡಿ ಒತ್ತಿದರೆ ಬರುತ್ತದೆ ಎಂದೆ. ಅವರ ಕಣ್ಣು ಅರಳಿತು. ಚೆಕ್ ಪುಸ್ತಕ ತೆಗೆದು ಮೇಜಿನ ಮೇಲೂ ಇಟ್ಟರು.

"ಅರೇ ಠೈರೋ ಭಾಯ್, ತಡೀ, ಮೇಷ್ಟ್ರುನ್ನ ಒಂದ್ ಮಾತ್ ಕೇಳ್ಬುಡಾಣ," ಎಂದರು.

ಅತ್ತ ಕಡೆಯೂ ಸ್ಪೀಕರು, ಇತ್ತ ಕಡೆಯೂ ಸ್ಪೀಕರು. ಮೇಷ್ಟ್ರು ಎಲ್ಲ ಕೇಳಿಸಿಕೊಂಡು ಫೋನ್ ನನ್ನ ಹತ್ತಿರ ಕೊಡಲು ಹೇಳಿದರು. ಚಾರ್ಟಿನ ವಿಷಯ ವಿಚಾರಿಸಲಿಲ್ಲ, ಬೆಲೆ ವಿಚಾರಿಸಲಿಲ್ಲ.

"ಇದನ್ನ ತಗೊಂಡ್ಮೇಲೆ ಅವ್ರು ಯಾವ ಕೆಲ್ಸ ನಿಲ್ಲುಸ್ತಾರಪ್ಪ?"

ನಾನು ಮತ್ತೆ ಚಾರ್ಟು, ಗುಂಡಿ, ಒಂದೇ ಕ್ಲಿಕ್ಕು ಎಂದು ಶುರುಮಾಡಿದೆ. ಅವರು ಮಧ್ಯದಲ್ಲೇ ತಡೆದು, ಅದೆಲ್ಲ ಹೊಸ ಕೆಲಸ, ನಿಲ್ಲುವ ಕೆಲಸ ಹೇಳು ಎಂದರು. ನಾನು ಲ್ಯಾಪ್‌ಟಾಪಿನ ಗುಂಡಿಯನ್ನು ಇನ್ನೊಂದು ಸಲ ಒತ್ತಿ ನೋಡಿದೆ. ಹಾಗಾದರೆ ಭಾಯ್‌ಗೆ ಇರುವ ಕೆಲಸದ ಜೊತೆಗೆ ಇನ್ನೊಂದು ಕೆಲಸ ಮಾರುತ್ತಿದ್ದೀಯ ಎಂದಾಯಿತು, ಎಂದು ಫೋನ್ ಇಟ್ಟರು. ಭಾಯ್ ಚೆಕ್ ಪುಸ್ತಕವನ್ನು ಮೆಲ್ಲಗೆ ಡ್ರಾಯರಿಗೆ ಸೇರಿಸಿ ನನಗೆ ಟೀ ತರಿಸಿದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಟೀ ಚೆನ್ನಾಗಿತ್ತು.

ಇದೇ ನಾಟಕ ತಾವರೆಕೆರೆಯ ಬೀಜ ಗೊಬ್ಬರದ ಅಂಗಡಿಯಲ್ಲಿ ಆಯಿತು, ಮಧುಗಿರಿಯ ಬಟ್ಟೆ ಅಂಗಡಿಯಲ್ಲಿ ಆಯಿತು. ಎಲ್ಲಿ ಹೋದರೂ ಕೊನೆಯ ಗಳಿಗೆಯಲ್ಲಿ ಅದೇ ಫೋನು, ಅದೇ ಪ್ರಶ್ನೆ. ಸಂಕ್ರಾಂತಿ ಕಳೆಯಿತು. ಅಪ್ಪ ಸ್ಟೂಲಿಗೆ ಒಂದು ಹೊಸ ಮೆತ್ತೆ ಹೊಲಿಸಿದರು. ಅದನ್ನು ನೋಡಿದ ದಿನ ನಾನು ನೇರ ಮೇಷ್ಟ್ರ ಮನೆಗೆ ಜಗಳಕ್ಕೆ ಹೋದೆ.

ಜಗಲಿಯ ಮೇಲೆ ಸ್ಕೂಟರಿನ ಟ್ಯೂಬನ್ನು ನೀರಿನ ಬೇಸಿನ್ನಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಂಪ್ಯೂಟರ್ ಎಂದರೆ ನಿಮಗೆ ಆಗುವುದಿಲ್ಲ, ನನ್ನ ಮೇಲೆ ನಿಮಗೆ ದ್ವೇಷ, ನನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೀರಿ, ಇನ್ನೂ ಏನೇನೋ. ಅವರು ಗುಳ್ಳೆ ಬಂದ ಜಾಗಕ್ಕೆ ಬೆರಳು ಇಟ್ಟುಕೊಂಡು ತಲೆ ಎತ್ತಿದರು.

"ಕಂಪ್ಯೂಟರ್ ಮೇಲೆ ನಂಗ್ಯಾಕಪ್ಪ ದ್ವೇಷ. ನಿನ್ ಮೇಲೂ ಇಲ್ಲ. ಅಷ್ಟು ದೊಡ್ ಮನ್ಸ ಆಗಿಲ್ಲ ಕಣ್ಲಾ ನೀನಿನ್ನೂ."

ಅಮ್ಮ ನಕ್ಕುಬಿಟ್ಟರು. ನಾವು ಶಿಷ್ಯರೆಲ್ಲ ಮೇಷ್ಟ್ರ ಹೆಂಡತಿಯನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ನನಗೆ ಒಂದು ಹಿಡಿ ಕಡಲೆಬೀಜ ಕೊಟ್ಟು, ಇವರ ಪ್ರಶ್ನೆಗೆ ಹೆದರಬೇಡ, ಇದನ್ನು ನನಗೂ ಕೇಳಿದ್ದಾರೆ ಎಂದರು. ಮೇಷ್ಟ್ರು ಒಂದು ಸಲ ತುಮಕೂರಿನಿಂದ ಗ್ರೈಂಡರ್ ತಂದು ಅಡುಗೆ ಮನೆಯಲ್ಲಿಟ್ಟು, ಒಂದು ತಿಂಗಳಾದ ಮೇಲೆ ಬಹಳ ಹೆಮ್ಮೆಯಿಂದ, ಯಾವ ಕೆಲಸ ನಿಂತಿತು ಹೇಳು ಎಂದು ಕೇಳಿದ್ದರಂತೆ.

"ರುಬ್ಬೋದು ನಿಂತು, ತೊಳ್ಯೋದು ಸುರುವಾಯ್ತು ಅಂದೆ. ಅವತ್ತಿಂದ ಅದನ್ನ ಇವ್ರೇ ತೊಳೀತವ್ರೆ," ಎಂದರು ಅಮ್ಮ.

ಮೇಷ್ಟ್ರು ಟ್ಯೂಬು ಒರೆಸುವುದರಲ್ಲಿ ಬಹಳ ಮಗ್ನರಾದರು. ಆಮೇಲೆ, ನನ್ನ ಕಡೆ ನೋಡದೆ, ಪಾವಗಡದಲ್ಲಿ ಆಂಜನೇಯಲು ಎಂಬ ತಮ್ಮ ಹಳೆಯ ಶಿಷ್ಯನ ಪೈಪಿನ ಅಂಗಡಿ ಇದೆ, ಹೋಗಿ ಒಂದು ವಾರ ಕೂತುಕೊಂಡು ಬಾ ಎಂದರು. ಲ್ಯಾಪ್‌ಟಾಪ್ ಮನೆಯಲ್ಲಿ ಬಿಟ್ಟು ಹೋಗಬೇಕು. ಕಾಲೇಜಿನಲ್ಲಿ ಬಾಕಿ ಉಳಿಸಿಕೊಂಡ ವಾರ ಅದು, ಈಗ ಮುಗಿಸು ಎಂದರು.

ಆಂಜನೇಯಲು ಅವರದು ಬೋರ್‌ವೆಲ್ಲಿನ ಮೋಟಾರು, ಪೈಪು, ಬೆಂಡು, ವಾಲ್ವುಗಳ ದೊಡ್ಡ ವ್ಯಾಪಾರ. ಕಂಪ್ಯೂಟರ್ ಆಗಲೇ ಇತ್ತು, ಯಾರೋ ಮಾರಿ ಹೋದ ಒಂದು ಹಳೆಯ ಸಾಫ್ಟ್‌ವೇರೂ ಇತ್ತು. ಪರದೆಯ ನಾಲ್ಕು ಮೂಲೆಗೂ ಕುಂಕುಮ, ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ. ನನ್ನನ್ನು ಮೇಷ್ಟ್ರು ಕಳಿಸಿದವನು ಎಂದು ಪೈಪಿನ ಕಟ್ಟಿನ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿದರು. ಸ್ಟೂಲು ನನ್ನನ್ನು ಬಿಡುವಂತೆ ಕಾಣಲಿಲ್ಲ.

ಮೊದಲೆರಡು ದಿನ ಏನೂ ಕಾಣಲಿಲ್ಲ. ಮೂರನೆಯ ದಿನದಿಂದ ಕಿವಿಗೆ ಒಂದು ಸದ್ದು ಬೀಳತೊಡಗಿತು. ಅದು ಕೆಲಸದಾಳು ಓಬಳಯ್ಯನ ಚಪ್ಪಲಿಯ ಸದ್ದು. ರೈತರು ಬಂದು ಒಂದು ಬೆಂಡು ಇದೆಯಾ ಎಂದು ಕೇಳಿದರೆ ಕಂಪ್ಯೂಟರ್ ಇದೆ ಎನ್ನುತ್ತಿತ್ತು. ಸಾಹುಕಾರರು ಅದನ್ನು ನಂಬದೆ ಓಬಳಯ್ಯನನ್ನು ಹಿಂದಿನ ಬೀದಿಯ ಗೋಡೌನಿಗೆ ಓಡಿಸುತ್ತಿದ್ದರು. ಓಬಳಯ್ಯ ಮಂಡಿ ಹಿಡಿದುಕೊಂಡು, ಕಂಪ್ಯೂಟರನ್ನು ಕಂಡುಹಿಡಿದವನ ಮನೆತನವನ್ನೆಲ್ಲ ತೆಲುಗಿನಲ್ಲಿ ನೆನೆಯುತ್ತಾ ಹೋಗಿ, ಇಲ್ಲ ಎಂದು ವಾಪಸು ಬರುತ್ತಿದ್ದ. ಅಷ್ಟು ಹೊತ್ತಿಗೆ ಬೆಂಡು ಕೇಳಿದವನು ಎದುರು ಅಂಗಡಿಯಲ್ಲಿರುತ್ತಿದ್ದ.

ಕಂಪ್ಯೂಟರ್ ಸುಳ್ಳು ಹೇಳುತ್ತಿರಲಿಲ್ಲ. ಅದು ನಿನ್ನೆಯ ಮಾತು ಹೇಳುತ್ತಿತ್ತು. ಇಡೀ ದಿನದ ವ್ಯಾಪಾರ ಮೊದಲು ಚೀಟಿಯಲ್ಲಿ ಆಗುತ್ತಿತ್ತು. ಸಂಜೆ ಆ ಚೀಟಿಗಳನ್ನೆಲ್ಲ ಸಾಹುಕಾರರ ಸೊಸೆ ಭಾಗ್ಯ ಕಂಪ್ಯೂಟರಿಗೆ ಹಾಕಿ ಪ್ರಿಂಟು ತೆಗೆಯುತ್ತಿದ್ದರು. ಅವರೂ ಮೇಷ್ಟ್ರ ಶಿಷ್ಯೆಯೇ. ಆ ಪ್ರಿಂಟನ್ನು ಚೀಟಿಗಳ ಜೊತೆ ಒಂದೊಂದಾಗಿ ತಾಳೆ ನೋಡಿ, ಸಾಹುಕಾರರು ಕೆಂಪು ಬಟ್ಟೆ ಹೊದಿಸಿದ ಪುಸ್ತಕದಲ್ಲಿ ತಮ್ಮ ಕೈಯಾರೆ ಮತ್ತೆ ಎಲ್ಲವನ್ನೂ ಬರೆಯುತ್ತಿದ್ದರು. ಬರೆದಾದ ಮೇಲೆ ಪುಸ್ತಕಕ್ಕೆ ಊದುಬತ್ತಿ. ಚೀಟಿ ಯಾಕೆ, ಗಿರಾಕಿ ಎದುರಿಗೆ ಇರುವಾಗಲೇ ನೇರ ಕಂಪ್ಯೂಟರಿಗೆ ಬಿಲ್ ಹಾಕಬಹುದಲ್ಲ ಎಂದು ನಾನು ಭಾಗ್ಯ ಅವರನ್ನು ಕೇಳಿದೆ. ಚೀಟಿ ಇಲ್ಲದೆ ಮಾವ ಪುಸ್ತಕ ಬರೆಯುವುದಿಲ್ಲ, ಪ್ರಿಂಟು ಯಂತ್ರದ್ದು, ಚೀಟಿಯಾದರೆ ಮನುಷ್ಯರ ಕೈ ಬರಹ ಎನ್ನುತ್ತಾರೆ ಎಂದರು. ಇಷ್ಟು ತಿಳಿಯುವ ಹೊತ್ತಿಗೆ ವಾರ ಮುಗಿದಿತ್ತು. ಓಬಳಯ್ಯನ ಮಂಡಿ ನೋವಿನ ಬುಡ ಆ ಕೆಂಪು ಪುಸ್ತಕದಲ್ಲಿತ್ತು.

ಮಧುಗಿರಿಗೆ ಬಂದು ಹೇಳಿದಾಗ ಮೇಷ್ಟ್ರು ಮೊದಲ ಸಲ ನನ್ನನ್ನು ಮನುಷ್ಯನೆಂಬಂತೆ ನೋಡಿದರು. ನಿಲ್ಲಬೇಕಾದದ್ದು ಸಿಕ್ಕಿತಲ್ಲ, ಹೋಗಿ ನಿಲ್ಲಿಸಿ ಬಾ ಎಂದರು. ಹೋದೆ. ಆಂಜನೇಯಲು ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಕಾದಪ್ಪಾ, ಹಂಗಲ್ಲ, ಲಕ್ಷ್ಮೀದೇವಿ ಆ ಬುಕ್‌ನಾಗೆ ಇರಾದು. ನಿನ್ ಡಬ್ಬಾನಾಗಲ್ಲ."

ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನನ್ನ ಮುಖ ನೋಡಿ ಅಮ್ಮನೇ ಒತ್ತಾಯ ಮಾಡಿರಬೇಕು, ಮರುದಿನ ಮೇಷ್ಟ್ರು ನನ್ನ ಜೊತೆ ಪಾವಗಡದ ಪ್ರೈವೇಟ್ ಬಸ್ ಹತ್ತಿದರು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಪಾವಗಡದ ಕೋಟೆ ಬೆಟ್ಟ ಕಾಣುವವರೆಗೂ ಗೇರು ಹೇಗೆ ಹಾಕಬೇಕೆಂದು ಅವನಿಗೆ ಪಾಠ ಹೇಳಿದರು. ಇಳಿಯುವಾಗ ಡ್ರೈವರ್ ಕೈ ಮುಗಿದ. ಭಕ್ತಿಯಿಂದಲ್ಲ.

ಅಂಗಡಿಯಲ್ಲಿ ಅವರು ಕಂಪ್ಯೂಟರಿನ ಮಾತೇ ಎತ್ತಲಿಲ್ಲ. ಊಟ ಮಾಡಿದರು, ಉಪ್ಪಿನಕಾಯಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಆಮೇಲೆ ಕೆಂಪು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟು, ಇದನ್ನು ತೆಗೆದು ಓದಿದ್ದು ಯಾವಾಗ ಎಂದು ಕೇಳಿದರು. ಆಂಜನೇಯಲು ಯೋಚಿಸಿದರು. ಬರೆದದ್ದುಂಟು, ಓದಿದ್ದು ಇರಲಿಲ್ಲ. ಏನಾದರೂ ನೋಡಬೇಕಾದರೆ ಸೊಸೆಯನ್ನು ಕೂಗಿ ಕಂಪ್ಯೂಟರಿನಲ್ಲೇ ನೋಡಿಸುತ್ತಿದ್ದರು.

"ನೋಡಪ್ಪ, ದೇವ್ರನ್ನ ಕರ್ದು ಕೂರ್ಸಿ ದಿನಾ ಬೆಂಡು ವಾಲ್ವು ಲೆಕ್ಕ ಒಪ್ಪುಸ್ತಿದೀಯ. ಆಯಮ್ಮ ಎಷ್ಟು ದಿನ ಕೇಳ್ತಾಳೆ? ವರ್ಷಕ್ಕೊಂದ್ ಸತಿ ಕರಿ. ಯುಗಾದಿ ದಿನ ಶ್ರೀ ಬರ್ದು, ಒಂದ್ ಸಾಲು ಬರಿ. ಮಿಕ್ಕಿದ್ದಿನ ಆಯಮ್ಮನ್ನ ದೇವ್ರ ಗೂಡ್ನಾಗೆ ನೆಮ್ಮದ್ಯಾಗಿರಾಕ್ ಬುಡು."

ಆಂಜನೇಯಲು ಪುಸ್ತಕದ ಕೆಂಪು ಬಟ್ಟೆಯನ್ನು ಬೆರಳಿನಿಂದ ಸವರಿದರು. ಸೊಸೆಯ ಮುಖ ನೋಡಿದರು, ಪುಸ್ತಕ ನೋಡಿದರು. ಭಾಗ್ಯ ಪೈಪಿನ ಕಟ್ಟನ್ನು ಎಣಿಸುತ್ತಿರುವವರ ಹಾಗೆ ನಿಂತಿದ್ದರು. ನನಗೋ ಅಪ್ಪನ ಸ್ಟೂಲಿನ ಹೊಸ ಮೆತ್ತೆ ಕಣ್ಣಿಗೆ ಕಟ್ಟಿತ್ತು. ಕೊನೆಗೆ ಸಾಹುಕಾರರು ಎದ್ದು, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟು ಬಂದರು. ಮೇಷ್ಟ್ರ ಮಾತಿಗೆ ಒಪ್ಪಿದರೋ, ದಿನಾ ಬರೆದು ಅವರ ಕೈಯೂ ನೊಂದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಂಜನೇಯಲು ಹಳೆಯದನ್ನು ತೆಗೆಸಿ ನನ್ನ ಸಾಫ್ಟ್‌ವೇರ್ ಹಾಕಿಸಿಕೊಂಡರು, ಕಂಪನಿಯ ಟಾರ್ಗೆಟ್ ಮುಟ್ಟಿತು, ಆ ಯುಗಾದಿಗೆ ನಾನು ಸ್ಟೂಲಿನ ಮೇಲೆ ಕೂರಲಿಲ್ಲ. ಚೀಟಿ ಹೋಗಿ ಬಿಲ್ ನೇರ ಕಂಪ್ಯೂಟರಿಗೆ ಬಿದ್ದದ್ದರಿಂದ ಓಬಳಯ್ಯ ಗೋಡೌನಿಗೆ ಓಡುವುದು ನಿಂತಿತು, ಬೈಗುಳ ಮಾತ್ರ ಅಭ್ಯಾಸ ಬಲದಿಂದ ಉಳಿಯಿತು. ಭಾಗ್ಯ ಸಂಜೆ ಬೆಳಕಿರುವಾಗಲೇ ಮನೆಗೆ ಹೋಗತೊಡಗಿದರು. ಸುದ್ದಿ ಬಾಯಿಂದ ಬಾಯಿಗೆ ಹರಡಿ ಗಿರಾಕಿಗಳು ತಾವಾಗಿ ಕರೆದರು. ಶಿರಾದ ಬಾಷಾ ಭಾಯ್ ಕೂಡ ಕರೆದರು. ನಾನು ಅವರ ಅಂಗಡಿಯಲ್ಲಿ ಒಂದು ವಾರ ಕೂತು, ಇಲ್ಲಿ ನಿಲ್ಲಬೇಕಾದ ಕೆಲಸ ಸದ್ಯಕ್ಕೆ ಯಾವುದೂ ಇಲ್ಲ, ತಗೊಳ್ಳಬೇಡಿ ಎಂದೆ. ಅವರು ನನಗಿಂತ ಹೆಚ್ಚು ಆಶ್ಚರ್ಯಪಟ್ಟರು. ಆ ಒಂದು ಮಾತಿನಿಂದ ಶಿರಾದಲ್ಲಿ ನನಗೆ ಬೇರೆ ಗಿರಾಕಿಗಳು ಸಿಕ್ಕಿದರು. ಅಪ್ಪ ಮಾತ್ರ ಸ್ಟೂಲಿನ ಧೂಳು ಒರೆಸುವುದನ್ನು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ.

ಮೇಷ್ಟ್ರು ಒಂದು ದಿನವೂ ನನ್ನನ್ನು ಭೇಷ್ ಎನ್ನಲಿಲ್ಲ. ಹೋದಾಗಲೆಲ್ಲ ನನ್ನ ಬ್ಯಾಗಿನಿಂದ ಬಿಸ್ಕತ್ತು ಹುಡುಕಿ ತಿನ್ನುತ್ತಿದ್ದರು. ಕಂಪ್ಯೂಟರ್ ಕಲಿಯಿರಿ ಸಾರ್, ನಾನು ಹೇಳಿಕೊಡುತ್ತೇನೆ ಎಂದರೆ, ನನಗೆ ನಿಲ್ಲಿಸಬೇಕಾದ ಕೆಲಸ ಯಾವುದೂ ಇಲ್ಲ, ಇರುವುದೇ ಎರಡು, ತಿನ್ನುವುದು ಮತ್ತು ಮಾತಾಡುವುದು ಎನ್ನುತ್ತಿದ್ದರು. ನಿಜವೇ. ಕೊನೆಯ ದಿನ ಎರಡನ್ನೂ ಮಾಡಿ, ಊಟದ ತಟ್ಟೆಯ ಮುಂದೆಯೇ ಯಾರದೋ ಫೋನಿಗೆ ಉತ್ತರ ಹೇಳಿ, ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ಅದನ್ನು ಅಮ್ಮನ ಬಾಯಿಂದ ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ಕಾಟ ಕೊಟ್ಟ ಮನುಷ್ಯನಿಗಾಗಿ ನಾನು ಇಷ್ಟು ಅಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಪುಣ್ಯತಿಥಿಯ ದಿನ ಹೊರಡುವಾಗ, ಕಿಟಕಿಯ ಹತ್ತಿರ ಮೇಷ್ಟ್ರ ಫೋನು ಚಾರ್ಜಿಗೆ ಹಾಕಿದ್ದು ಕಂಡಿತು. ಆ ನಂಬರನ್ನು ನಿಲ್ಲಿಸಿಬಿಡಿ ಅಮ್ಮ, ಸುಮ್ಮನೆ ರೀಚಾರ್ಜು ಯಾಕೆ ಎಂದೆ. ಅವರು ಕಣ್ಣು ಒರೆಸಿಕೊಂಡು, ನೋಡೋಣ ಎಂದರು.

ಮೊನ್ನೆ ಕೊರಟಗೆರೆಗೆ ಹೋಗಿದ್ದೆ. ಕಂಪನಿಯವರು ಹೊಸದೊಂದು ಫೋನ್ ಆ್ಯಪು ತಂದಿದ್ದಾರೆ. ಅಂಗಡಿಯಲ್ಲಿ ಏನು ಮಾರಾಟವಾಯಿತು ಎಂದು ಗಂಟೆಗೊಮ್ಮೆ ಸಾಹುಕಾರರ ಫೋನಿಗೆ ಬಣ್ಣದ ಚಿತ್ರ ಕಳಿಸುತ್ತದೆ. ಸಾಹುಕಾರರು ಅಂಗಡಿಯಲ್ಲೇ ಕೂತಿದ್ದರೂ ಕಳಿಸುತ್ತದೆ. ಇದನ್ನು ಈ ಮಾರ್ಚ್ ಒಳಗೆ ಎಲ್ಲರಿಗೂ ಹಚ್ಚಬೇಕು, ಇಲ್ಲವಾದರೆ ಡೀಲರ್‌ಶಿಪ್ ಮರೆತುಬಿಡು ಎಂದು ಹೇಳಿದ್ದಾರೆ. ಅದು ಹೋದರೆ ಮುಂದೆ ಏನು ಎಂದು ನಿಮಗೂ ಗೊತ್ತು, ಮೆತ್ತೆ ಇನ್ನೂ ಚೆನ್ನಾಗಿಯೇ ಇದೆ. ಬಸ್‌ಸ್ಟ್ಯಾಂಡ್ ಹತ್ತಿರದ ಪಾತ್ರೆ ಅಂಗಡಿ ಗಂಗಣ್ಣನ ಮುಂದೆ ಲ್ಯಾಪ್‌ಟಾಪ್ ತೆರೆದೆ. ಚಿತ್ರಗಳನ್ನು ನೋಡಿ ಗಂಗಣ್ಣ ಮರುಳಾದರು. ತಗೊಳ್ಳುವುದು ಎಂದು ಆಗಿಹೋಯಿತು. ಪ್ರಶ್ನೆ ಕೇಳುವವರು ಯಾರೂ ಇಲ್ಲ ಎಂದು ನಾನು ಬಿಲ್ಲಿಗೆ ಕೈ ಹಾಕಿದೆ.

"ಆದ್ರೂ ಒಂದ್ ಮಾತು ಮೇಷ್ಟ್ರ ಮನೇಲಿ ಕೇಳ್ಬುಡಾಣ," ಎಂದರು ಗಂಗಣ್ಣ.

ಮೇಷ್ಟ್ರು ಹೋಗಿದ್ದಾರಲ್ಲ ಗಂಗಣ್ಣ ಎಂದೆ. ಅದು ಗೊತ್ತು ಎನ್ನುತ್ತಾ ಫೋನನ್ನು ಸ್ಪೀಕರಿಗೆ ಹಾಕಿ ಪಾತ್ರೆಗಳ ಮಧ್ಯೆ ಇಟ್ಟರು. ಎರಡು ಸಲ ರಿಂಗಾಯಿತು. ಗಂಗಣ್ಣ ವಿಷಯ ಹೇಳಿದರು. ಅತ್ತ ಕಡೆ ಮೊರದಲ್ಲಿ ಕಡಲೆಕಾಯಿ ಸಿಪ್ಪೆ ಸರಿಸುವ ಸದ್ದು, ಆಮೇಲೆ ಅಮ್ಮನ ದನಿ.

"ಅದೆಲ್ಲ ಸರಿ ಕಣಪ್ಪ. ಯಾವ ಕೆಲ್ಸ ನಿಲ್ತದೆ?"

ಗಂಗಣ್ಣ ನನ್ನ ಮುಖ ನೋಡಿದರು. ಎಷ್ಟೋ ಅಂಗಡಿಗಳಲ್ಲಿ ಈ ಪ್ರಶ್ನೆಗೆ ಸಲೀಸಾಗಿ ಉತ್ತರ ಹೇಳಿದ ನಾನು, ಗಂಟೆಗೊಮ್ಮೆ ಬಣ್ಣದ ಚಿತ್ರ ಬರುತ್ತದೆ ಎಂದು ಶುರುಮಾಡಿದೆ. ಆ ದನಿ ಅಮ್ಮನಿಗೆ ಗುರುತು ಹತ್ತಿತು.

"ಯಾರು, ನೀನಾ? ಗೊತ್ತಾಯ್ತು ಬುಡು. ನಾಳೆ ಲ್ಯಾಪ್‌ಟಾಪ್ ಬುಟ್ಟು ಹೋಗಿ ಅವ್ರ ಅಂಗ್ಡೀಲಿ ಒಂದ್ ವಾರ ಕೂತ್ಕೊ." ಮೊರ ಪಕ್ಕಕ್ಕಿಟ್ಟ ಸದ್ದಾಯಿತು, ಮತ್ತೆ ಹೇಳಿದರು. "ಈ ನಂಬರ್ ನಿಲ್ಸಿ ಅಂದಿದ್ಯಲ್ಲ. ಹೆಂಗ್ ನಿಲ್ಸಾದು? ಅವ್ರು ಹೋದ್ರು, ಇದರ ಕೆಲ್ಸ ಎಲ್ಲಿ ನಿಂತದೆ."

ಫೋನ್ ಕ್ಲಿಕ್ ಎಂದಿತು. ಗಂಗಣ್ಣ ಒಂದು ಕೊಳಗವನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿದ್ದ ಸ್ಟೂಲನ್ನು ಟವೆಲಿನಿಂದ ಒರೆಸತೊಡಗಿದರು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು, ಬ್ಯಾಗಿಗೆ ಒಂದು ಪೊಟ್ಟಣ ಬಿಸ್ಕತ್ತು ಹಾಕಿಕೊಂಡು ನಾನು ಕೊರಟಗೆರೆಯ ಬಸ್ ಹತ್ತಿದೆ.